ಮೂಸಿದ ಹೂವು

ಇದನ್ನು ಹೇಳಬೇಕು ಅಂದುಕೊಳ್ಳುತ್ತಲೇ ಮುಂದಕ್ಕೆ ಹಾಕಿಕೊಂಡು ಬಂದೆ. ಅಪ್ಪ ಇರುವಾಗ ಬೇಡ ಅಂದೆ, ಅಪ್ಪ ಹೋದರು. ಅಣ್ಣನಿಗೆ ನೋವಾಗುತ್ತದೆ ಅಂದೆ, ಅಣ್ಣನೂ ಹೋದ. ಇನ್ನು ಹೊಸ ನೆಪ ಹುಟ್ಟಿಸುವಷ್ಟು ಕಸುವು ಈ ಮುದಿ ತಲೆಯಲ್ಲಿ ಇಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಅಜ್ಜಂಪುರದಲ್ಲಿ ನಮ್ಮದು ಕಿರಾಣಿ ಅಂಗಡಿ. ಎಸ್ಸೆಸ್ಸೆಲ್ಸಿ ಪಾಸಾದದ್ದನ್ನೇ ದೊಡ್ಡ ಪದವಿ ಅಂದುಕೊಂಡು ನಾನು ಗಲ್ಲಾದ ಪಕ್ಕ ಕೂತಿದ್ದೆ. ನನಗಿದ್ದ ಒಂದೇ ವಿದ್ಯೆ ಇನ್ನೊಬ್ಬರನ್ನು ಆಡಿಕೊಂಡು ನಗಿಸುವುದು. ಸಾಮಾನು ಕಟ್ಟಿಸಿಕೊಳ್ಳಲು ಬಂದವರು ನಕ್ಕರೆ ನಾನು ಬುದ್ಧಿವಂತ. ಅಂಥ ಬುದ್ಧಿವಂತರು ಆಗ ನಮ್ಮೂರಲ್ಲಿ ಅಂಗಡಿಗೊಬ್ಬರು ಇದ್ದರು, ಒಬ್ಬರಿಂದಲೂ ಊರಿಗೆ ಕಾಸಿನ ಉಪಯೋಗವಾಗಲಿಲ್ಲ.

ಅಣ್ಣನಿಗೆ ಮೂಡಿಗೆರೆ ಕಡೆಯ ಹೆಣ್ಣು ತಂದರು. ಅತ್ತಿಗೆಯ ತಂದೆ ಅಲ್ಲೊಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರಾಗಿದ್ದರು. ತೋಟದ ಮಾಲೀಕರ ಬಂಗಲೆಯ ಮುಂದಿನ ಹೂತೋಟದಲ್ಲಿ ಆಡಿಕೊಂಡು ಬೆಳೆದ ಹುಡುಗಿ ನಮ್ಮೂರಿಗೆ ಬಂದಳು. ನಮ್ಮಲ್ಲಿ ಹೂವು ಅಂದರೆ ಸೇವಂತಿಗೆ, ಕನಕಾಂಬರ, ಕಣಗಿಲೆ. ಮಿಕ್ಕದ್ದೆಲ್ಲ ದನ ತಿನ್ನುವಂಥದ್ದು ಅಥವಾ ತಿನ್ನದಂಥದ್ದು.

ಬಂದ ಹೊಸದರಲ್ಲಿ ಒಂದು ದಿನ ಸೊಪ್ಪು ಬಿಡಿಸುತ್ತಾ ಅತ್ತಿಗೆ ಹೇಳಿದರು, “ನಮ್ ಬಂಗಲೆ ಹತ್ರ ರನಂಕ್ಯುಲಸ್ ಅಂತ ಹಾಕೋರು. ಗಿಡ ಥೇಟ್ ಹಿಂಗೇ, ಕೊತ್ತಂಬರಿ ಸೊಪ್ಪಿನಂಗೆ. ಹೂವು ಮಾತ್ರ ಗುಲಾಬಿಗಿಂತ ಒತ್ತು. ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿರೋ ಎಸಳು, ಒಂದರೊಳಗೊಂದು.”

“ಕೊತ್ತಂಬರೀಲಿ ಗುಲಾಬಿ ಬಿಡ್ತದೇನೇ ನಿಮ್ ಕಡೆ?” ಅಂದರು ಅಮ್ಮ.

ನಾನು ಬಿಡುತ್ತೇನೆಯೇ? “ಅತ್ತಿಗೆಮ್ಮಾ, ಮೆಂತ್ಯದಲ್ಲಿ ಮಲ್ಲಿಗೆ ಬಿಡೋದೂ ನಿಮ್ಮೂರಲ್ಲೇ ಇರಬೇಕು.”

ಮನೆಯೆಲ್ಲ ನಕ್ಕಿತು. ಅಣ್ಣನೂ ನಕ್ಕ. ಅತ್ತಿಗೆ ನಗಲಿಲ್ಲ. “ಬೆಳೆಸಿ ತೋರಿಸ್ತೀನಿ ಇರಿ” ಅಂದರು. ಆವತ್ತಿಂದ ಅವರು ಏನು ಹೇಳಿದರೂ “ಬಂಗಲೆ ಮಾತು” ಅನ್ನುವುದು ನಮ್ಮ ಮನೆಯ ರೂಢಿಯಾಯಿತು. ಹೊಸದಾಗಿ ಬಂದ ಸೊಸೆಯ ಮಾತನ್ನು ಮನೆಯವರು ನಂಬಬೇಕೋ ಬೇಡವೋ ಅನ್ನುವುದು ಒಂದು ಹೂವಿನ ಮೇಲೆ ನಿಂತುಬಿಟ್ಟಿತು. ನಿಲ್ಲಿಸಿದವನು ನಾನು.

ಮುಂದಿನ ಸಲ ತವರಿಗೆ ಹೋದಾಗ ಒಣಗಿದ ಹೂವಿನ ತಲೆಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಬಂದರು. ಉಜ್ಜಿದರೆ ಹೊಟ್ಟಿನ ಹಾಗೆ ಉದುರುವ ಬೀಜ. ಬಾಯಲ್ಲಿ ಉಫ್ ಅಂದರೆ ಹಾರಿಹೋಗಬೇಕು. ಮಹಾನವಮಿ ಹೊತ್ತಿಗೆ ಹಿತ್ತಲಲ್ಲಿ ಉದುರಿಸಿದರು. ಒಂದೂ ಮೊಳೆಯಲಿಲ್ಲ. “ಹೊಟ್ಟು ಬಿತ್ತಿದ್ರೆ ಹೊಟ್ಟೇ ಬರೋದು” ಅಂತ ನಾನು ಅಂಗಡಿಯಲ್ಲಿ ವರದಿ ಒಪ್ಪಿಸಿದೆ.

ದೀಪಾವಳಿ ಕಳೆದ ಮೇಲೆ ಅತ್ತಿಗೆ ಇನ್ನೊಂದು ದಾರಿ ಹಿಡಿದರು. ನಡುಮನೆಯ ಮೂಲೆಯಲ್ಲಿ ಕುಡಿಯುವ ನೀರಿನ ದೊಡ್ಡ ಮಡಕೆಯನ್ನು ಮರಳಿನ ಮೇಲೆ ಇಟ್ಟಿರುತ್ತಿದ್ದೆವು. ಮಡಕೆ ಜಿನುಗಿ ಆ ಮರಳು ಯಾವಾಗಲೂ ತಣ್ಣಗೆ ಒದ್ದೆಯಾಗಿರುತ್ತಿತ್ತು. ಅಗಲ ಬಾಯಿಯ ಮಣ್ಣಿನ ಬೋಗುಣಿಗೆ ಸೋಸಿದ ಗೊಬ್ಬರ, ಮರಳು ತುಂಬಿ, ಬೀಜ ಉದುರಿಸಿ, ಕಂಡೂ ಕಾಣದಷ್ಟು ಮಣ್ಣು ಮುಚ್ಚಿ, ಆ ಮರಳಿನ ಮೇಲೆ ಮಡಕೆಗೆ ಒತ್ತಿಸಿ ಇಟ್ಟರು. ಮೇಲೆ ಒದ್ದೆ ಗೋಣಿ. ಈ ಬೀಜಕ್ಕೆ ಸೆಖೆ ಆಗುವುದಿಲ್ಲವಂತೆ, ತಂಪಿದ್ದರೆ ಮಾತ್ರ ಏಳುತ್ತದಂತೆ.

“ಬಾಣಂತಿ ಕೋಣೆ ಮಾಡಿದೀರಲ್ಲ ಅತ್ತಿಗೆಮ್ಮಾ” ಅಂದೆ. “ಹೆರಿಗೆ ಯಾವಾಗ?”

“ನೀನು ನೀರು ಕುಡಿಯೋಕೆ ಬಂದಾಗ ಕಾಲಲ್ಲಿ ಒದೀದಿದ್ರೆ ಬೇಗ ಆಗ್ತದಪ್ಪಾ” ಅಂದರು.

ಮೊಳೆಯಿತು. ಎಷ್ಟೋ ದಿನ ಕಾಯಿಸಿ, ಇನ್ನೇನು ಚೆಲ್ಲಬೇಕು ಅನ್ನುವ ಹೊತ್ತಿಗೆ ಗುಂಡುಸೂಜಿಯಷ್ಟು ಹಸಿರು ಎದ್ದಿತು. ನಿಜವಾಗಿಯೂ ಕೊತ್ತಂಬರಿಯ ಹಾಗೇ ಇತ್ತು. ಅತ್ತಿಗೆ ಸಸಿಗಳನ್ನು ತೂತು ಮಾಡಿದ ಎಣ್ಣೆ ಡಬ್ಬಗಳಿಗೆ ಕಿತ್ತು ನೆಟ್ಟು, ಬೆಳಗಿನ ಬಿಸಿಲು ಮಾತ್ರ ಬೀಳುವಂತೆ ಕೊಟ್ಟಿಗೆಯ ಗೋಡೆಯ ಮಗ್ಗುಲಿಗೆ ಇಟ್ಟರು. ನಾನು ಗಿರಾಕಿಗಳನ್ನು ಕರೆದುಕೊಂಡು ಬಂದು ತೋರಿಸಿ ನಗಿಸುತ್ತಿದ್ದೆ. ಒಬ್ಬ ಹಿರೇನಲ್ಲೂರಿನ ಮೆಣಸಿನಕಾಯಿ ವ್ಯಾಪಾರಿ, “ಸಾರಿಗೆ ಹಾಕಿದ್ರೆ ಘಮ್ ಅಂತದೇನ್ರೀ?” ಅಂದದ್ದನ್ನು ತಿಂಗಳುಗಟ್ಟಲೆ ಹೇಳಿಕೊಂಡು ತಿರುಗಿದೆ. ಅವನೂ ದಡ್ಡ, ನಾನೂ ದಡ್ಡ. ಗಿಡ ತನ್ನಷ್ಟಕ್ಕೆ ಬೆಳೆಯುತ್ತಿತ್ತು.

ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುವ ಹೊತ್ತಿಗೆ ಹೆಚ್ಚಿನವು ಬಾಡಿದವು. ಉಳಿದ ಒಂದರಲ್ಲಿ ಬಟಾಣಿಯಂಥ ಮೊಗ್ಗು. ಅದೇ ಹೊತ್ತಿಗೆ ಅತ್ತಿಗೆಯ ತಾಯಿಗೆ ಹುಷಾರಿಲ್ಲವೆಂದು ತವರಿನಿಂದ ಹೇಳಿ ಕಳಿಸಿದರು. ಹೊರಡುವಾಗ ಚೀಲ ಹಿಡಿದುಕೊಂಡು ನನ್ನ ಹತ್ತಿರ ಬಂದರು.

“ಏನಪ್ಪಾ, ಆಡಿಕೊಂಡಿದ್ದು ಸಾಕು. ಬರೋತನಕ ಅದಕ್ಕೊಂದು ಚೊಂಬು ನೀರು ಹಾಕು. ಅರಳಿದ್ರೆ ಎಲ್ರಿಗೂ ತೋರಿಸು. ನೀನೇ ತೋರಿಸು.”

ನೀರು ಹಾಕಿದೆ. ಅದೊಂದರಲ್ಲಿ ಸುಳ್ಳಿಲ್ಲ.

ಅಪ್ಪನದು ದಿನವೂ ಲಿಂಗಪೂಜೆ. ಬೆಳಗ್ಗೆ ಹಿತ್ತಲಲ್ಲಿ ಹೂ ಬಿಡಿಸಿ ಬುಟ್ಟಿ ತುಂಬಿಸುವ ಕೆಲಸ ನನ್ನದು. ನಮ್ಮ ಮನೆಯಲ್ಲಿ ಹೊಸ ಗಿಡದ ಮೊದಲ ಹೂವು ಪೂಜೆಗೆ ಹೋಗಬೇಕು, ಆಮೇಲೆ ಹೆಂಗಸರು ಮುಡಿಯಬೇಕು. ಒಂದು ಬೆಳಗ್ಗೆ ಕಣಗಿಲೆ ಬಿಡಿಸಿ ಕೊಟ್ಟಿಗೆಯ ಕಡೆ ತಿರುಗಿದರೆ ಆ ಡಬ್ಬದಲ್ಲಿ ಹೂವು ಅರಳಿತ್ತು. ಕಿತ್ತಳೆ ಬಣ್ಣ. ಎಸಳಿನೊಳಗೆ ಎಸಳು, ಬೆರಳು ಇಟ್ಟರೆ ಹರಿಯುವಷ್ಟು ತೆಳು. ಅತ್ತಿಗೆ ಹೇಳಿದ್ದಕ್ಕಿಂತ ಒಂದು ಕೂದಲೂ ಕಡಿಮೆ ಇರಲಿಲ್ಲ.

ಚೆನ್ನಾಗಿದೆ ಅನ್ನಿಸಿತು. ಆಮೇಲೆ, ಇದನ್ನು ಬುಟ್ಟಿಯಲ್ಲಿಟ್ಟರೆ ಅಪ್ಪ ನೋಡುತ್ತಾರೆ, ಕೇಳುತ್ತಾರೆ, ಮಧ್ಯಾಹ್ನದ ಹೊತ್ತಿಗೆ ಅಂಗಡಿಯಲ್ಲಿ ಜನ ನನ್ನನ್ನು ನೋಡಿ ನಗುತ್ತಾರೆ ಅನ್ನಿಸಿತು. ಕಾರಣ ಇಷ್ಟೇ. ಇದಕ್ಕಿಂತ ದೊಡ್ಡ ಕಾರಣವೊಂದು ಇದ್ದಿದ್ದರೆ ಚೆನ್ನಾಗಿತ್ತು ಅಂತ ಎಷ್ಟೋ ಸಲ ಹುಡುಕಿದ್ದೇನೆ, ಸಿಕ್ಕಿಲ್ಲ. ಉಗುರಿನಲ್ಲಿ ತೊಟ್ಟು ಚಿವುಟಿದೆ. ಪೂಜೆಯ ಹೂವನ್ನು ಬಿಸಾಡುವ ಧೈರ್ಯವೂ ಇರಲಿಲ್ಲ ನನಗೆ. ಮೂಸಿದ ಹೂವು ದೇವರಿಗೆ ಸಲ್ಲುವುದಿಲ್ಲ ಅಂತ ಚಿಕ್ಕಂದಿನಿಂದ ಕೇಳಿದ್ದೆ. ಅದಕ್ಕೇ ಮೂಗಿಗೆ ಒತ್ತಿ, ಜೋರಾಗಿ ಮೂಸಿದೆ. ವಾಸನೆಯೇ ಇರಲಿಲ್ಲ. ಇನ್ನು ಪೂಜೆಗೆ ಬಾರದು, ತಪ್ಪಿಲ್ಲ ಅಂತ ನನಗೆ ನಾನೇ ತೀರ್ಪು ಕೊಟ್ಟುಕೊಂಡು ಬಚ್ಚಲ ಒಲೆಗೆ ಹಾಕಿದೆ. ಆ ಒಲೆಯಲ್ಲಿ ಕಾದ ನೀರಿನಲ್ಲೇ ಅಪ್ಪ ಸ್ನಾನ ಮಾಡಿ ಪೂಜೆಗೆ ಕೂತರು. ಕಳ್ಳನಿಗೂ ಶಾಸ್ತ್ರ ಬೇಕು ನೋಡಿ.

ಅತ್ತಿಗೆ ಬರುವಷ್ಟರಲ್ಲಿ ಬಿಸಿಲೇರಿ ಗಿಡ ಹಳದಿಯಾಗಿತ್ತು. ಅವರು ಡಬ್ಬದ ಮುಂದೆ ಕೂತರು. ಎಲ್ಲರೂ ಅಲ್ಲೇ ಇದ್ದೆವು.

“ಅರಳಲಿಲ್ವಾ?” ನನ್ನನ್ನೇ ಕೇಳಿದರು.

“ಇಲ್ಲ ಅತ್ತಿಗೆಮ್ಮಾ. ಮೊಗ್ಗು ಉದುರೋಯ್ತು. ಕೊತ್ತಂಬರಿ ಕಣ್ರೀ ಅದು, ಪಾಪ, ಅದಾದ್ರೂ ಏನ್ ಮಾಡ್ತದೆ?”

ಎಲ್ಲರೂ ನಕ್ಕರು. ನನ್ನ ಬುದ್ಧಿವಂತಿಕೆಗೆ ಅದೇ ಕಳಶ. ಅಂಗಡಿಯಿಂದ ಆ ಮಾತು ಊರಿಗೆ ಹೋಯಿತು, ಊರಿಂದ ಆಚೆಗೂ ಹೋಯಿತು. ಒಂದೆರಡು ವರ್ಷ ಕಳೆದು ಕಡೂರಿನ ಬಸ್ ಸ್ಟ್ಯಾಂಡಿನಲ್ಲಿ ತರೀಕೆರೆ ಬಸ್ಸಿಗೆ ಕಾಯುತ್ತಿದ್ದೆ. ಗುರುತೇ ಇಲ್ಲದ ಒಬ್ಬ ಇನ್ನೊಬ್ಬನಿಗೆ, “ಆ ಬಸ್ಸಾ? ಅಜ್ಜಂಪುರದ ಅತ್ತಿಗೆ ಹೂವಿನಂಗೆ ಕಣೋ, ಬತ್ತದೆ ಅಂತಾರೆ, ಬರಲ್ಲ” ಅಂದ. ನನಗೆ ಹೆಮ್ಮೆಯಾಯಿತು. ಹೌದು, ಹೆಮ್ಮೆ.

ಅತ್ತಿಗೆ ಆಮೇಲೆ ಬೀಜ ತರಲಿಲ್ಲ. ಮಾತೂ ಕಡಿಮೆ ಮಾಡಿದರು. ಎಂಬತ್ತರ ದಶಕದ ಮೊದಲ ಭಾಗದಲ್ಲಿ ಒಂದು ದಿನ, “ಅತ್ತೆಗೆ ಎಡಗಡೆ ಕಾಣಿಸ್ತಿಲ್ಲ, ಲೋಟ ತಡಕ್ತಾರೆ” ಅಂತ ಅಣ್ಣನಿಗೆ ಹೇಳಿದರು. ಅಮ್ಮನಿಗೇ ಅದು ಗೊತ್ತಿರಲಿಲ್ಲ. “ನಂಗೇನೇ ಆಗಿದೆ, ಚೆನ್ನಾಗೇ ಕಾಣ್ತದೆ” ಅಂದರು. “ಬಂಗಲೆ ಮಾತು” ಅಂದೆ ನಾನು. ಅಲ್ಲಿಗೆ ಮುಗಿಯಿತು. ಮುಂದಿನ ವರ್ಷ ಅಮ್ಮ ಹೊಸಿಲು ಎಡವಿ ಬಿದ್ದ ಮೇಲೆ ತರೀಕೆರೆಗೆ ಕರೆದುಕೊಂಡು ಹೋದೆವು. ಒಂದು ಕಣ್ಣು ಆಗಲೇ ಹೋಗಿದೆ, ಬೇಗ ಬಂದಿದ್ದರೆ ಉಳಿಯುತ್ತಿತ್ತೇನೋ, ಇನ್ನೊಂದನ್ನು ನೋಡೋಣ ಅಂದರು ಡಾಕ್ಟರು.

ವಾಪಸು ಬಂದು ಅಮ್ಮನನ್ನು ಮಲಗಿಸಿ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಅತ್ತಿಗೆ ರೊಟ್ಟಿ ತಟ್ಟುತ್ತಿದ್ದರು.

“ನೀವು ಗಟ್ಟಿಯಾಗಿ ಹೇಳಬೇಕಿತ್ತು ಅತ್ತಿಗೆಮ್ಮಾ” ಅಂದೆ. ಆಗಲೂ ತಪ್ಪನ್ನು ಅವರ ಕಡೆಗೇ ತಳ್ಳಿದೆ.

ಅವರು ತಲೆ ಎತ್ತಲಿಲ್ಲ. “ತೊಟ್ಟಿನ ಮೇಲೆ ಉಗುರಿನ ಗುರುತಿತ್ತು” ಅಂದರು. “ಉದುರಿದ್ ಮೊಗ್ಗಿನ ತೊಟ್ಟು ಹಂಗಿರಲ್ಲ. ಈ ಮನೇಲಿ ಬೆಳಗ್ಗೆ ಎದ್ದು ಹೂ ಬಿಡಿಸೋನು ನೀನೊಬ್ನೇ. ಆವತ್ತೇ ನಿಮ್ಮಣ್ಣಂಗೆ ಹೇಳ್ದೆ. ನನ್ ತಮ್ಮ ಅಂಥೋನಲ್ಲ, ನೀನ್ ಸುಮ್ನಿರು ಅಂದ್ರು. ಸುಮ್ನಾದೆ. ಗಟ್ಟಿಯಾಗಿ ಹೇಳಿದ್ರೆ ಯಾರಪ್ಪಾ ಕೇಳ್ತಿದ್ರು?”

ರೊಟ್ಟಿ ಹೆಂಚಿಗೆ ಹಾಕಿದರು. ಅದು ಬೇಯುವ ತನಕ ನಿಂತಿದ್ದೆ. ತಪ್ಪಾಯ್ತು ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ತಟ್ಟೆ ಮುಂದಕ್ಕೆ ಬಂತು, ಕೂತು ಉಂಡು ಎದ್ದು ಅಂಗಡಿಗೆ ಹೋದೆ.

ಅವರು ಈಗಲೂ ಇದ್ದಾರೆ, ಎದುರು ಸಾಲಿನಲ್ಲಿ, ಮಗಳ ಮನೆಯಲ್ಲಿ. ಹಬ್ಬಕ್ಕೆ ಹೋಗುತ್ತೇನೆ. “ಮಂಡಿ ನೋವು ಹೆಂಗಿದೆಯಪ್ಪಾ?” ಅಂತ ಕೇಳುತ್ತಾರೆ, ಹೇಳುತ್ತೇನೆ, ಕಾಫಿ ಕುಡಿದು ಬರುತ್ತೇನೆ. ರಸ್ತೆ ದಾಟಿ ಒಂದು ಮಾತು ಹೇಳಲಾರದವನು ಇಷ್ಟುದ್ದ ಬರೆದಿದ್ದಾನೆ, ಓದುವವರು ಮೆಚ್ಚಬೇಕಾದದ್ದೇನೂ ಇಲ್ಲ. ಅಪ್ಪನ ಫೋಟೋದ ಮುಂದೆ ಕೈ ಮುಗಿದಿದ್ದೇನೆ, ಅಮ್ಮನ ಕಾಲು ಹಿಡಿದು ಅತ್ತಿದ್ದೇನೆ, ಗೊತ್ತಿಲ್ಲದ ಸ್ವಾಮಿಗಳ ಮುಂದೆಯೂ ತಪ್ಪು ಒಪ್ಪಿಕೊಂಡಿದ್ದೇನೆ. ಕ್ಷಮೆ ಕೇಳದೇ ಉಳಿದಿರುವುದು ಒಬ್ಬರನ್ನು ಮಾತ್ರ, ನನ್ನ ಅಣ್ಣನ ಹೆಂಡತಿ, ನನ್ನ ಅತ್ತಿಗೆಯನ್ನು.