ಒಂದೂವರೆ ಸುತ್ತು

ಊರಿನ ಗ್ಯಾರೇಜು ಮಾಲೀಕರಿಗೆ ಪೊಲೀಸರ ಭಯ ಇರಲಿಲ್ಲ, ತೆರಿಗೆಯವರ ಭಯ ಇರಲಿಲ್ಲ. ಕಿವಿ ಮೇಷ್ಟ್ರ ಭಯ ಇತ್ತು. ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ನಲವತ್ತು ವರ್ಷ ಕಾರು ರಿಪೇರಿ ಮಾಡಿದವರು. ಗಾಡಿ ಇನ್ನೂ ಬೀದಿಯ ತಿರುವಿನಲ್ಲಿರುವಾಗಲೇ ಸದ್ದು ಕೇಳಿ ಅದರ ಕಾಯಿಲೆ ಹೇಳುತ್ತಿದ್ದುದರಿಂದ ಈ ಬಿರುದು. ಬಿರುದು ಕೊಟ್ಟವರು ಯಾರು ಎಂದು ಕೇಳಿದರೆ ‘ಜನ’ ಎನ್ನುತ್ತಿದ್ದರು. ಆ ಜನರಲ್ಲಿ ಮೊದಲಿಗರು ತಾವೇ ಎಂಬುದನ್ನು ಮಾತ್ರ ಹೇಳುತ್ತಿರಲಿಲ್ಲ.

ಮಂಡಿ ಕೈಕೊಟ್ಟ ಮೇಲೆ ಗ್ಯಾರೇಜನ್ನು ಮಗಳಿಗೆ ಬಿಟ್ಟು, ಮನೆಯ ಮುಂದಿನ ಕೋಣೆಯಲ್ಲಿ ಒಂದು ಮೇಜು ಹಾಕಿಕೊಂಡು ಕೂತರು. ಬೇರೆ ಬೇರೆ ಗ್ಯಾರೇಜಿನವರು ಕೊಟ್ಟ ಎಸ್ಟಿಮೇಟುಗಳನ್ನು ಜನ ಇವರ ಮುಂದೆ ತಂದಿಡುವುದು, ಇವರು ಬೀದಿಗಿಳಿದು ಇಂಜಿನ್ನಿನ ಸದ್ದು ಕೇಳುವುದು, ಒಳಗೆ ಬಂದು ಕೆಂಪು ಪೆನ್ಸಿಲಿನಲ್ಲಿ ಬೇಡದ ಸಾಲುಗಳನ್ನು ಹೊಡೆದುಹಾಕುವುದು. ಇದಕ್ಕೆ ಫೀಸಿಲ್ಲ. ಹೊಗಳಿದರೆ ಸಾಕು, ಅದನ್ನೂ ಸ್ವಲ್ಪ ಜೋರಾಗಿ ಹೊಗಳಬೇಕು. ಸಣ್ಣಪುಟ್ಟ ಟ್ಯೂನಿಂಗ್ ಇದ್ದರೆ ತಾವೇ ಸ್ಕ್ರೂಡ್ರೈವರ್ ಹಿಡಿದು ಮುಗಿಸಿಕೊಡುತ್ತಿದ್ದರು.

ಜೋರಾಗಿ ಯಾಕೆಂದರೆ, ಈ ಎರಡು ವರ್ಷದಲ್ಲಿ ಲೋಕದ ಗಂಟಲೇ ಕಟ್ಟಿಹೋಗಿತ್ತು. ಹೆಂಡತಿ ಅಡುಗೆಮನೆಯಿಂದ ಕೂಗುವ ಬದಲು ಗೊಣಗಲು ಶುರುಮಾಡಿದ್ದಳು. ಟೀವಿಯ ವಾರ್ತೆಯವರು ಯಾರಿಗೋ ಹೆದರಿ ಪಿಸುಗುಟ್ಟುತ್ತಿದ್ದರು. ಬಾಗಿಲ ಗಂಟೆ ಕೆಟ್ಟಿದೆ ಎಂದು ಮೇಷ್ಟ್ರು ಎರಡು ಸಲ ಹೊಸದು ತಂದು ಹಾಕಿದ್ದರು. ಅವೂ ಕಳಪೆ ಮಾಲು. ತಪ್ಪು ಎಲ್ಲಿದೆ ಎಂದು ಮನೆಯವರಿಗೆಲ್ಲ ಗೊತ್ತಿತ್ತು. ಬೆಳಗಿನ ಜಾವ ಎಚ್ಚರವಾಗಿ, ಹಕ್ಕಿಗಳೆಲ್ಲ ಎಲ್ಲಿ ಹೋದವು ಎಂದು ಯೋಚಿಸುವಾಗ ಮೇಷ್ಟ್ರಿಗೂ ಗೊತ್ತಾಗುತ್ತಿತ್ತು. ಆಗ ಹೊದಿಕೆ ಎಳೆದುಕೊಳ್ಳುತ್ತಿದ್ದರು. ಕಿವಿ ಮೇಷ್ಟ್ರಿಂದ ಕಿವಿ ತೆಗೆದರೆ ಉಳಿಯುವುದು ಮಂಡಿ ನೋವಿನ ಒಬ್ಬ ಮುದುಕ. ಅವನನ್ನು ನೋಡಲು ಯಾರೂ ಕಾಗದ ಹಿಡಿದು ಬರುವುದಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಹಲ್ಲಿನ ಡಾಕ್ಟರು ಬಂದರು. ಅವರದು ಹಳೆಯ ಕೆಂಪು ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಎರಡು ಕಾರ್ಬ್ಯುರೇಟರು, ನೆಲಕ್ಕಿಂತ ಒಂದು ಗೇಣು ಮೇಲೆ. ಐವತ್ತು ದಾಟಿದ ಡಾಕ್ಟರು ಅದರಿಂದ ಇಳಿಯುವಾಗ ಮೊದಲು ಒಂದು ಕಾಲು ಹೊರಗೆ ಬಂತು, ಆಮೇಲೆ ಒಂದು ನಿಟ್ಟುಸಿರು, ಅದಾದ ಮೇಲೆ ಉಳಿದ ಡಾಕ್ಟರು. ಕೈಯಲ್ಲಿ ಮೂರು ಎಸ್ಟಿಮೇಟು.

“ಮೇಷ್ಟ್ರೇ, ಪೆಡಲಿಂದ ಕಾಲು ತೆಗೆದ್ರೂ ಗಾಡಿ ಗುರ್ ಅಂತಾನೇ ಇರುತ್ತೆ. ಮೀಟರಿನ ಮುಳ್ಳು ಎರಡು ಸಾವಿರ ಬಿಟ್ಟು ಇಳಿಯೋದೇ ಇಲ್ಲ. ಸಿಗ್ನಲ್ಲಲ್ಲಿ ನಿಂತ್ರೆ ಪಕ್ಕದವರು ‘ಇವನು ನನ್ನ ರೇಸಿಗೆ ಕರೀತಿದಾನೆ’ ಅಂದ್ಕೋತಾರೆ. ಮೊನ್ನೆ ಕ್ಲಚ್ ಬಿಟ್ಟೆ, ಗಾಡಿ ಎಗರ್ತು ನೋಡಿ, ರಸ್ತೆ ದಾಟ್ತಿದ್ದ ಒಬ್ಬ ಅಜ್ಜಿ ಸ್ವಲ್ಪದರಲ್ಲಿ ಉಳಿದ್ರು.”

“ಸ್ಪೋರ್ಟ್ಸ್ ಕಾರು ಅಂದ್ಮೇಲೆ ಸ್ವಲ್ಪ ಗುರ್ ಅನ್ಬೇಕು ಡಾಕ್ಟ್ರೇ. ಪಿಸುಗುಟ್ಟೋಕೆ ಅದೇನು ಲೈಬ್ರರೀನಾ?”

“ಮೂರು ತಿಂಗಳ ಹಿಂದೆ ನೀವು ಟ್ಯೂನ್ ಮಾಡಿಕೊಟ್ರಲ್ಲ, ಅವತ್ತಿಂದಾನೇ...”

“ಅವತ್ತಿಂದ ಯಾರ್ಯಾರು ಕೈಯಾಡಿಸಿದಾರೋ. ಕೊಡಿ ಇಲ್ಲಿ ಕಾಗದ.”

ಮೊದಲನೆಯದು ಗಾಜಿನ ಗೋಡೆಯ ದೊಡ್ಡ ಗ್ಯಾರೇಜಿನದು, ಎರಡು ಹಾಳೆ. ಎರಡೂ ಕಾರ್ಬ್ಯುರೇಟರು ಹೊಸದು, ಆಕ್ಸಿಲರೇಟರ್ ಕೇಬಲ್ ಹೊಸದು, ಗ್ಯಾಸ್ಕೆಟ್ಟುಗಳು ಹೊಸವು, ಪೈಪುಗಳು ಹೊಸವು, ಕೊನೆಯಲ್ಲಿ ‘ಇತರೆ’.

“ಇತರೆ ಅಂದ್ರೆ ಆ ಮಾಲೀಕನ ಮನೆ ಮೇಲ್ಮಹಡಿ,” ಎಂದರು ಮೇಷ್ಟ್ರು. “ಹಲ್ಲು ನೋವು ಅಂತ ಬಂದವನಿಗೆ ನೀವು ದವಡೆ ಕಿತ್ತು ಹೊಸದು ಹಾಕ್ತೀರಾ?”

ಡಾಕ್ಟರು ಸ್ವಲ್ಪ ಹೊತ್ತು ಯೋಚಿಸಿ ಇಲ್ಲ ಎಂದರು.

ಎರಡನೆಯದರಲ್ಲಿ ಇಂಜಿನ್ನನ್ನೇ ಇಳಿಸಿ ಬಿಚ್ಚಬೇಕು, ಮುಂದಿನದನ್ನು ಬಿಚ್ಚಿದ ಮೇಲೆ ತಿಳಿಸಲಾಗುವುದು ಎಂದು ಬರೆದಿತ್ತು. “ಬಿಚ್ಚೋದು ಇವನಿಗೆ ಬರುತ್ತೆ. ವಾಪಸ್ ಜೋಡಿಸೋಕೆ ಇನ್ಯಾರನ್ನೋ ಹುಡುಕ್ಕೊಂಡು ಹೋಗ್ಬೇಕು,” ಎಂದು ಮೇಷ್ಟ್ರು ಬೀದಿಗಿಳಿದರು. ಕೆಲಸದಲ್ಲಿ ಮಾತ್ರ ಅವರು ಚೌಕಾಶಿ ಮಾಡುವವರಲ್ಲ. ಪೆಡಲು ಒತ್ತಿ ಬಿಟ್ಟು ನೋಡಿದರು. ಕೇಬಲ್ ಎಲ್ಲೂ ಸಿಕ್ಕಿಕೊಳ್ಳದೆ ಸಲೀಸಾಗಿ ಹಿಂದಕ್ಕೆ ಬಂತು. ಇಂಜಿನ್ ಓಡುತ್ತಿರುವಾಗಲೇ ಗ್ಯಾಸ್ಕೆಟ್ಟಿನ ಸುತ್ತ ಸ್ಪ್ರೇ ಹೊಡೆದರು. ಅಲ್ಲಿ ಗಾಳಿ ಸೋರುತ್ತಿದ್ದರೆ ಓಟ ಏರುಪೇರಾಗಬೇಕು, ಆಗಲಿಲ್ಲ. ಎರಡೂ ಎಸ್ಟಿಮೇಟುಗಳ ಮೇಲೆ ಕೆಂಪು ಗೆರೆ ಬಿತ್ತು. ಇಷ್ಟರ ಮಟ್ಟಿಗೆ ಅವರ ತೀರ್ಪಿನಲ್ಲಿ ಒಂದು ಕೂದಲಿನಷ್ಟೂ ತಪ್ಪಿರಲಿಲ್ಲ.

“ಗಾಡಿಗೆ ಏನೂ ಆಗಿಲ್ಲ. ನಿಮ್ಮ ಮೀಟರು ಸುಳ್ಳು ಹೇಳ್ತಿದೆ. ನನ್ನ ಕಿವಿ ಹೇಳಲ್ಲ. ಈ ಇಬ್ರೂ ನಿಮ್ಮ ಕಿವಿಗೆ ಹೂವಿಡೋಕೆ ಹೊರಟಿದಾರೆ.”

ಮೂರನೆಯದು ನೋಟ್‌ಬುಕ್ಕಿನಿಂದ ಹರಿದ ಚೀಟಿ. ಒಂದೇ ಸಾಲು: ‘ಎರಡೂ ಐಡ್ಲಿಂಗ್ ಸ್ಕ್ರೂ ಒಂದೂವರೆ ಸುತ್ತು ಹಿಂದಕ್ಕೆ. ಚಾರ್ಜಿಲ್ಲ.’ ಅಕ್ಷರ ಮಗಳದು. ಪೆಡಲಿನಿಂದ ಕಾಲು ತೆಗೆದಾಗ ಇಂಜಿನ್ನು ಎಷ್ಟು ಜೋರಾಗಿ ಓಡಬೇಕೆಂದು ಹಿಡಿದಿಡುವ ಆ ಸ್ಕ್ರೂಗಳನ್ನು ಕೂರಿಸಿದ್ದು ಮೇಷ್ಟ್ರ ಕೈ. ಮೊದಲ ಇಬ್ಬರು ಗ್ಯಾರೇಜಿನವರು ಡಾಕ್ಟರನ್ನು ಸುಲಿಯಲು ಹೊರಟಿದ್ದಕ್ಕೆ ಬಾರದ ಸಿಟ್ಟು, ಪುಕ್ಕಟೆ ಮಾಡಿಕೊಡುತ್ತೇನೆಂದ ಮಗಳ ಮೇಲೆ ಬಂತು.

“ನಿಮ್ಮ ಮಗಳು ಆಗ್ಲೇ ಮಾಡ್ಕೊಡ್ತೀನಿ ಅಂದ್ರು,” ಎಂದರು ಡಾಕ್ಟರು. “ನಾನೇ ಬರೆದುಕೊಡಿ ಅಂದೆ. ಬರವಣಿಗೇಲಿ ಇಲ್ಲದ್ದನ್ನ ನಾನು ನಂಬಲ್ಲ.”

ಅಷ್ಟರಲ್ಲಿ ಮಗಳ ಸ್ಕೂಟರು ಬಾಗಿಲಿಗೆ ಬಂದು ನಿಂತಿತು. ಡಾಕ್ಟರು ಚೀಟಿ ಹಿಡಿದು ನೇರವಾಗಿ ಯಾರ ಹತ್ತಿರ ಹೋಗುತ್ತಾರೆ ಎಂದು ಅವಳಿಗೆ ಹೊಳೆದದ್ದು ತಡವಾಗಿ. ಹೆಲ್ಮೆಟ್ ಕೂಡ ತೆಗೆಯದೆ ಕೈ ಚಾಚಿದಳು. “ಆ ಚೀಟಿ ಕೊಡಿ ಡಾಕ್ಟ್ರೇ. ಬೇರೆ ಗಾಡೀದು, ತಪ್ಪಿ ಕೊಟ್ಬಿಟ್ಟೆ.”

“ತಪ್ಪೇ,” ಎಂದರು ಮೇಷ್ಟ್ರು. “ಇಷ್ಟು ವರ್ಷ ನನ್ನ ಪಕ್ಕದಲ್ಲಿ ನಿಂತು ಇದನ್ನೇನಾ ಕಲಿತಿದ್ದು? ಒಂದೂವರೆ ಸುತ್ತು ಇಳಿಸಿದ್ರೆ ಇಂಜಿನ್ ಉಸಿರಾಡುತ್ತಾ? ಇಳಿಸು ನೋಡೋಣ. ಡಾಕ್ಟರ ಎದುರಿಗೇ ಇಳಿಸು.”

“ಬೇಡಪ್ಪ. ನೀನು ಹೇಳಿದ್ದೇ ಸರಿ ಇರ್ಬೇಕು.”

“ಇರ್ಬೇಕಾ?”

ಮಗಳು ಡಾಕ್ಟರ ಕಡೆ ನೋಡಿದಳು. ಅವರು ಸಿನಿಮಾ ಶುರುವಾಗುವುದನ್ನು ಕಾಯುವವರ ಹಾಗೆ ಕೈಕಟ್ಟಿ ನಿಂತಿದ್ದರು. ಅವಳಿಗೆ ರಸ್ತೆ ದಾಟುತ್ತಿದ್ದ ಅಜ್ಜಿಯ ಕತೆಯೂ ಗೊತ್ತಿತ್ತು, ಅದಕ್ಕೇ ತಾನೇ ಆಗಲೇ ಸರಿಮಾಡಿಕೊಡುತ್ತೇನೆ ಎಂದದ್ದು. ಹೆಲ್ಮೆಟ್ ತೆಗೆದಿಟ್ಟು, ಸ್ಕ್ರೂಡ್ರೈವರ್ ಹಿಡಿದು, ಇನ್ನೂ ಓಡುತ್ತಲೇ ಇದ್ದ ಇಂಜಿನ್ನಿನ ಮೇಲೆ ಬಾಗಿದಳು. ಮೇಷ್ಟ್ರು ಮುಂಚಕ್ರದ ಮೇಲಿನ ತಗಡಿಗೆ ಕೈಯೂರಿ, ತಲೆ ಒಂದು ಕಡೆ ವಾಲಿಸಿ, ಊರಿಗೆಲ್ಲ ಪರಿಚಯವಿದ್ದ ಭಂಗಿಯಲ್ಲಿ ನಿಂತರು. ಮಗಳು ಒಂದು ಸ್ಕ್ರೂ ಸ್ವಲ್ಪ, ಇನ್ನೊಂದು ಸ್ವಲ್ಪ, ಹೀಗೆ ಎರಡನ್ನೂ ಸಮವಾಗಿ ಹಿಂದಕ್ಕೆ ತಿರುಗಿಸುತ್ತ ಬಂದಳು. ಗುರುಗುಡುವುದು ಇಳಿಯಿತು, ಇನ್ನೂ ಇಳಿಯಿತು, ಕೊನೆಗೆ ಇಂಜಿನ್ನು ಹದವಾಗಿ, ಮೆಲ್ಲಗೆ ಓಡತೊಡಗಿತು. ಡಾಕ್ಟರ ಮುಖ ಅರಳಿತು.

“ನೋಡಿದ್ಯಾ?” ಎಂದರು ಮೇಷ್ಟ್ರು. “ನಿಂತೇಹೋಯ್ತು. ನಾನು ಹೇಳಿರ್ಲಿಲ್ವಾ?”

ಡಾಕ್ಟರು ಒಮ್ಮೆ ಕಾರನ್ನು, ಒಮ್ಮೆ ಮೇಷ್ಟ್ರನ್ನು ನೋಡಿ ಬಾಯಿ ತೆರೆದರು. ದಿನವಿಡೀ ಬೇರೆಯವರ ಬಾಯಿ ತೆರೆಸುವ ಮನುಷ್ಯನಿಗೆ ತನ್ನದನ್ನು ಯಾವಾಗ ಮುಚ್ಚಬೇಕೆಂದು ತಿಳಿದಿರಲಿಲ್ಲ. ಮಗಳು ಅವರತ್ತ ಒಂದು ನೋಟ ಬೀರಿ, ಕಿಟಕಿಯೊಳಗೆ ಕೈ ಹಾಕಿ ಕೀಲಿ ತಿರುಗಿಸಿ ಇಂಜಿನ್ ಆರಿಸಿಬಿಟ್ಟಳು.

“ಹೌದಪ್ಪ,” ಎಂದಳು. “ನಿಂತೋಯ್ತು. ನೀನು ಹೇಳಿದ್ದೇ ಸರಿ.”

ಆದರೆ ಮೇಷ್ಟ್ರ ಅಂಗೈ ಇನ್ನೂ ತಗಡಿನ ಮೇಲೇ ಇತ್ತು. ಅವರು ನಿಂತುಹೋಯಿತು ಎಂದಾಗ ಅದರ ಕೆಳಗೆ ತಗಡು ಸಣ್ಣಗೆ ನಡುಗುತ್ತಿತ್ತು. ಮಗಳು ಕೈ ಒಳಗೆ ಹಾಕಿದ ಮೇಲೆಯೇ ಆ ನಡುಕ ನಿಂತದ್ದು. ಮೇಷ್ಟ್ರು ಕೈ ತೆಗೆದು ಅದನ್ನೇ ನೋಡಿಕೊಂಡರು. ಅವರಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಅಜ್ಜಿ ಸ್ವಲ್ಪದರಲ್ಲಿ ಉಳಿದರು ಎಂದು ಡಾಕ್ಟರು ಹೇಳಿದ್ದು ಈಗ ಅರ್ಥವಾಯಿತು.

“ಇದೊಂದೇನಾ?” ಎಂದು ಮಗಳನ್ನು ಕೇಳಿದರು. “ಬೇರೆ ಗಾಡಿಗಳೂ ಇದಾವಾ?”

ಮಗಳು ನೆಲ ನೋಡುತ್ತ ಏನೋ ಹೇಳಿದಳು.

ಮೇಷ್ಟ್ರು ಎಂದಿನಂತೆ ಎಲ್ಲ ತಿಳಿಯಿತು ಎಂಬ ಹಾಗೆ ತಲೆಯಾಡಿಸಿದರು. ಅರ್ಧಕ್ಕೆ ನಿಲ್ಲಿಸಿದರು.

“ಕೇಳಿಸ್ಲಿಲ್ಲ,” ಎಂದರು. “ಗಟ್ಟಿಯಾಗಿ ಹೇಳು.”

“ಬೇಡಪ್ಪ, ಒಳಗೆ ಹೋಗಿ ಮಾತಾಡೋಣ.”

“ಇಲ್ಲೇ ಹೇಳು. ಗಟ್ಟಿಯಾಗಿ.”

ಮಗಳು ಅವರ ಮುಖಕ್ಕೆ ಮುಖ ಕೊಟ್ಟು, ಗಂಟಲೆತ್ತಿ ಹೇಳಿದಳು: “ಎರಡು ವರ್ಷದಿಂದ ನೀನು ಟ್ಯೂನ್ ಮಾಡಿದ ಗಾಡಿಗಳೆಲ್ಲ ನನ್ನ ಹತ್ರಾನೇ ಬರ್ತಾವಪ್ಪ. ಸ್ಕ್ರೂ ಹಿಂದಕ್ಕೆ ತಿರುಗಿಸ್ತೀನಿ, ಅಪ್ಪಂಗೆ ಹೇಳ್ಬೇಡಿ ಅಂತ ಕಳಿಸ್ತೀನಿ.”

ಎದುರು ಮನೆಯ ಕಿಟಕಿ ತೆರೆದುಕೊಂಡಿತು. ಪಕ್ಕದ ಅಂಗಡಿಯವನು ಹೊರಗೆ ಬಂದು ನಿಂತ. ಏನಾಯಿತೆಂದು ನೋಡಲು ಹೆಂಡತಿ ಸೌಟು ಹಿಡಿದುಕೊಂಡೇ ಬಾಗಿಲಿಗೆ ಬಂದಳು.

“ಹ್ಞೂಂ,” ಎಂದರು ಮೇಷ್ಟ್ರು. “ಈಗ ಕೇಳಿಸ್ತು.”