ಬಾಗಿಲ ಹೊರಗೆ ನಲವತ್ತು ಉಸಿರು

ಸಿನಿಮಾದಲ್ಲಿ ನಾಯಕಿ ಮೆಟ್ಟಿಲಿಳಿದು ಬರುವಾಗ ಟಕ್ ಟಕ್ ಎಂದು ಕೇಳಿಸುವುದು ಅವಳ ಕಾಲಲ್ಲ. ಅದು ಮೀಸೆ ನರೆತ, ಪ್ಯಾಂಟನ್ನು ಮೊಣಕಾಲತನಕ ಮಡಚಿದ, ಐವತ್ತೆರಡು ವರ್ಷದ ಗಂಡಸೊಬ್ಬನ ಕಾಲು. ಚಿತ್ರ ತೆಗೆಯುವಾಗ ಮಾತು ಸಿಕ್ಕರೆ ಹೆಚ್ಚು. ಹೆಜ್ಜೆ, ಬಟ್ಟೆಯ ಸರಪರ, ಲೋಟ ಇಟ್ಟ ಸದ್ದು ಇವನ್ನೆಲ್ಲ ಆಮೇಲೆ ಯಾರಾದರೂ ಕೂತು ಮಾಡಬೇಕು. ನಮ್ಮ ಸ್ಟುಡಿಯೋದಲ್ಲಿ ಮಾಡುತ್ತಿದ್ದವನು ಇವನು. ಎಲ್ಲರೂ ಸಪ್ಪಳಣ್ಣ ಎನ್ನುತ್ತಿದ್ದರು.

ನಾನು ಅಲ್ಲಿಯ ಬಡಗಿ. ಅವನ ಕೋಣೆಯ ನೆಲ ಮಾಡಿಕೊಟ್ಟವನು ನಾನೇ. ಒಂದು ಚೌಕದಲ್ಲಿ ಮರಳು, ಒಂದರಲ್ಲಿ ಜಲ್ಲಿ, ಒಂದರಲ್ಲಿ ಹಲಗೆ, ಒಂದರಲ್ಲಿ ಸಿಮೆಂಟು. ಮೂಲೆಯಲ್ಲಿ ಮೂರೇ ಮೂರು ಮೆಟ್ಟಿಲು, ಹತ್ತಿದರೆ ಗೋಡೆಗೆ ಹಣೆ. ಇನ್ನೊಂದು ಮೂಲೆಯಲ್ಲಿ ಚಪ್ಪಲಿ, ಬೂಟುಗಳ ಗುಡ್ಡೆ. ಚಿತ್ರದಲ್ಲಿ ಕೊಲೆಯಿದ್ದ ದಿನ ಮೂಲಂಗಿ ತರಿಸುತ್ತಿದ್ದ. ಮೂಳೆ ಮುರಿಯುವ ಸದ್ದಿಗೆ ಅದಕ್ಕಿಂತ ಒಳ್ಳೆಯದಿಲ್ಲವಂತೆ. ಮುರಿದು ಮಿಕ್ಕಿದ್ದನ್ನು ಉಪ್ಪು ಹಚ್ಚಿ ನನಗೂ ಕೊಡುತ್ತಿದ್ದ. ಹಾಗೆ ನಾನು ಎಷ್ಟು ಹೆಣಗಳ ಪಕ್ಕೆಲುಬು ತಿಂದಿದ್ದೇನೋ ಲೆಕ್ಕವಿಲ್ಲ.

ಅವನಿಗೆ ಮೈಯೆಲ್ಲ ಕಿವಿ. ಬಾಯಿ ಮಾತ್ರ ಬೀಗ ಹಾಕಿದ ಪೆಟ್ಟಿಗೆ. ನಾನು ಉಳಿಗೆ ಸಾಣೆ ಹಿಡಿಯುತ್ತಿದ್ದರೆ ಆಚೆ ಕೋಣೆಯಿಂದಲೇ, "ಅಣ್ಣಾ, ಎಡಗಡೆ ತುದಿ ಇನ್ನೂ ಮೊಂಡಿದೆ" ಎಂದು ಕೂಗುತ್ತಿದ್ದ. ಮೊಂಡಾಗಿಯೇ ಇರುತ್ತಿತ್ತು. ಮನೆಯಲ್ಲೂ ಹಾಗೇ. ಅವನ ಹೆಂಡತಿ ದೊಡ್ಡ ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು. ಸಂಜೆ ಮೂರು ಮಹಡಿ ಹತ್ತಿ ಮನೆಗೆ ಬಂದರೆ, ಅವಳು ಚೀಲ ಕೆಳಗಿಡುವ ಮೊದಲೇ ಇವನು ವರದಿ ಓದುತ್ತಿದ್ದ.

"ಬಲಗಡೆ ಮಂಡಿ ನೋಯ್ತಿದೆ. ಯಾರ್ ಜೊತೆನೋ ಜಗಳ ಆಡ್ಕೊಂಡ್ ಬಂದಿದ್ದೀಯ. ಚೀಲದಲ್ಲಿ ಎರಡು ಕಿತ್ತಳೆ ಹಣ್ಣಿದೆ."

ಮದುವೆಯಾದ ಹೊಸತರಲ್ಲಿ ಅವಳು ಇದನ್ನು ಅಕ್ಕಪಕ್ಕದವರಿಗೆಲ್ಲ ಹೇಳಿ ಹಿಗ್ಗುತ್ತಿದ್ದಳು. ಇಪ್ಪತ್ತು ವರ್ಷ ಕಳೆದ ಮೇಲೆ ನನ್ನೆದುರೇ ಒಮ್ಮೆ ಚುಚ್ಚಿದಳು: "ಬಡಗಿಯಣ್ಣ, ನಿಮ್ಮ ಸ್ನೇಹಿತರಿಗೆ ನನ್ನ ಮಾತು ಒಂದು ಬಿಟ್ಟು ಮಿಕ್ಕಿದ್ದೆಲ್ಲ ಕೇಳಿಸುತ್ತೆ."

ಅವನು ನಕ್ಕ. ಅವಳು ನಗಲಿಲ್ಲ.

ಹೀಗಿರುವಾಗ ಆ ಚಿತ್ರ ಬಂತು. ನಿರ್ದೇಶಕಿ ಇನ್ನೂ ಮೂವತ್ತು ದಾಟದ ಹುಡುಗಿ, ಮಾತು ಚಾಕುವಿನಂತೆ. ಕಥೆ ಕೇಳಿದರೆ ಒಂದು ಮನೆ, ಇಬ್ಬರು ಜನ, ಅಷ್ಟೇ. ದಿನ ಕಳೆದಂತೆ ಹೆಂಡತಿಗೆ, ಪಕ್ಕದಲ್ಲಿ ಮಲಗುವವನು ಗಂಡನಲ್ಲ, ಗಂಡನ ಮುಖ ತೊಟ್ಟುಕೊಂಡ ಇನ್ಯಾರೋ ಎನ್ನಿಸತೊಡಗುತ್ತದೆ. ಗಂಡನಿಗೆ, ಇವಳು ನನ್ನನ್ನು ಬಿಟ್ಟು ಗೋಡೆಗಳ ಜೊತೆ ಸಂಸಾರ ಮಾಡುತ್ತಿದ್ದಾಳೆ ಎನ್ನಿಸುತ್ತದೆ. ಒಬ್ಬರನ್ನೊಬ್ಬರು ಹೆದರಿಸಿ ಹೆದರಿಸಿ ಇಬ್ಬರೂ ಹುಚ್ಚಿನ ಅಂಚಿಗೆ ಬಂದು ನಿಲ್ಲುತ್ತಾರೆ.

"ಎಲ್ಲಾ ಸರಿ, ದೆವ್ವ ಎಲ್ಲಿದೆಯಮ್ಮಾ?" ಎಂದೆ ನಾನು.

"ಮದುವೇನೇ ದೆವ್ವ, ಬಡಗಿಯಣ್ಣ. ಇನ್ನೊಂದು ಬೇರೆ ಬೇಕಾ?"

"ಹಾಗಾದ್ರೆ ಬೀದಿಗೆ ನಲವತ್ತು ದೆವ್ವದ ಮನೆ ಇದೆ ಬಿಡು."

ಆ ಚಿತ್ರದ ಕುತ್ತಿಗೆಯಂಥ ಜಾಗ ಒಂದಿತ್ತು. ಪರದೆಯ ಮೇಲೆ ಮುಚ್ಚಿದ ಬಾಗಿಲಿನ ಒಳಮೈ ಬಿಟ್ಟು ಬೇರೇನೂ ಕಾಣುವುದಿಲ್ಲ. ಹೆಂಡತಿ ಹೊರಗಿನಿಂದ ಬರುತ್ತಾಳೆ, ಬಾಗಿಲ ಮುಂದೆ ನಿಲ್ಲುತ್ತಾಳೆ. ಒಳಗೆ ಬರುತ್ತಾಳೋ, ತಿರುಗಿ ಹೋಗುತ್ತಾಳೋ ತಿಳಿಯದು. ಎಲ್ಲವನ್ನೂ ಸದ್ದೇ ಹೇಳಬೇಕು. ಸಪ್ಪಳಣ್ಣ ಏಳು ಜೋಡಿ ಚಪ್ಪಲಿ ಹಾಕಿ ನಡೆದ. ನಿಂತ. ಉಸಿರು ಬಿಟ್ಟ. ಕೀಲಿಗೊಂಚಲು ಅಲ್ಲಾಡಿಸಿದ. ಹುಡುಗಿ ಮೂರು ದಿನವೂ ಬೇಡವೆಂದು ತಲೆಯಾಡಿಸಿದಳು.

"ಅಣ್ಣಾ, ಇದು ಬಾಗಿಲ ಹತ್ರ ನಿಂತಿರೋ ನಿಮ್ಮ ಸದ್ದು. ಬಿಟ್ಟು ಹೋಗಲಾ ಅಂತ ಯೋಚನೆ ಮಾಡೋ ಹೆಂಗಸಿನ ಸದ್ದಲ್ಲ."

ಮೂವತ್ತು ವರ್ಷದ ಕೆಲಸಗಾರನಿಗೆ ಅದು ಕಪಾಳಕ್ಕೆ ಬಿದ್ದಂತಾಯಿತು. ಅವತ್ತು ಅವನು ಬೇಗ ಮನೆಗೆ ಹೋದ. ಮನೆಯೊಳಗೆ ಹಿಂದಕ್ಕೂ ಮುಂದಕ್ಕೂ ಸುಳಿದಾಡುತ್ತಿದ್ದನಂತೆ, ಕೂತಲ್ಲಿ ಕೂರಲಾರದೆ. ಆರು ಗಂಟೆಗೆ ಕೆಳಗಿನ ಮೆಟ್ಟಿಲಲ್ಲಿ ಹೆಂಡತಿಯ ಹೆಜ್ಜೆ ಕೇಳಿಸಿತು. ಒಂದನೇ ಮಹಡಿ, ಎರಡನೇ ಮಹಡಿ, ಮೂರನೆಯದು. ಬಾಗಿಲ ಮುಂದೆ ಬಂದು ಹೆಜ್ಜೆ ನಿಂತಿತು.

ಕೀಲಿ ತಿರುಗಲಿಲ್ಲ.

ಅವನು ಒಳಗೆ ಎರಡು ಗೇಣು ದೂರದಲ್ಲಿ ನಿಂತಿದ್ದ. ನಡುವೆ ಒಂದು ಹಲಗೆ ಬಾಗಿಲು. ಆಚೆ ಅವಳು ಕೀಲಿಗೊಂಚಲನ್ನು ಮುಷ್ಟಿಯಲ್ಲಿ ಗಟ್ಟಿ ಹಿಡಿದಿದ್ದಾಳೆ, ಸದ್ದಾಗದಿರಲೆಂದು. ಚೀಲವನ್ನು ಈ ಭುಜದಿಂದ ಆ ಭುಜಕ್ಕೆ ಬದಲಾಯಿಸಿದಳು. ಉಸಿರನ್ನು ನಿಧಾನ ಮಾಡುತ್ತಿದ್ದಾಳೆ, ಒಂದೊಂದಾಗಿ. ಇವನು ಎಣಿಸಿದ. ಹನ್ನೊಂದು. ಆಮೇಲೆ ಕೀಲಿ ತಿರುಗಿತು. ಅವಳು ಒಳಗೆ ಬಂದು, ಏನೂ ಆಗದವಳ ಹಾಗೆ, "ಕಾಫಿ ಆಯ್ತಾ?" ಎಂದಳು.

ಗಂಡ ಎನ್ನಿಸಿಕೊಂಡವನಿಗೆ ಆ ಹೊತ್ತಿಗೆ ಎದೆ ಧಸಕ್ಕೆನ್ನಬೇಕು. ಅವನಿಗೂ ಎಂದಿತು, ಇಲ್ಲವೆನ್ನುವುದಿಲ್ಲ. ಹೆಂಡತಿ ತನ್ನದೇ ಮನೆಗೆ ಬರಲು ಹಿಂಜರಿಯುತ್ತಿದ್ದಾಳೆ ಎಂದುಕೊಂಡ. ಆದರೆ ಹಾಗೆಂದುಕೊಂಡ ಮನಸ್ಸಿನ ಬೆನ್ನಿಗೇ ಕೆಲಸಗಾರ ಎದ್ದು ಕೂತ: ಆ ಹುಡುಗಿ ಕೇಳಿದ ಸದ್ದು ಇದೇ!

ಮಾರನೆಯ ದಿನ ಅವನು ಸ್ಟುಡಿಯೋದಿಂದ ಸಣ್ಣ ಧ್ವನಿಮುದ್ರಣ ಯಂತ್ರ ತಂದು, ಬಾಗಿಲ ಒಳಗಡೆಯ ಗೂಟಕ್ಕೆ ತನ್ನ ಅಂಗಿ ನೇತುಹಾಕಿ, ಅದರ ಜೇಬಿನಲ್ಲಿ ಇಟ್ಟ. ಮೈಕನ್ನು ಕೀಲಿಯ ತೂತಿಗೆ ತಾಗಿಸಿದ. ಒಂಬತ್ತು ಸಂಜೆ. ಹನ್ನೆರಡು ಉಸಿರು, ಹದಿನಾಲ್ಕು, ಇಪ್ಪತ್ತು. ದಿನದಿನಕ್ಕೆ ನಿಲ್ಲುವುದು ಉದ್ದವಾಗುತ್ತಿತ್ತು. ಇವನು ಒಳಗೆ ಗೋಡೆಗೆ ಒರಗಿ, ತನ್ನ ಉಸಿರು ಬಿಗಿಹಿಡಿದು ನಿಂತಿರುತ್ತಿದ್ದ. ಇವತ್ತು ತಿರುಗಿ ಹೋಗುತ್ತಾಳೆ, ಇವತ್ತು ಹೋಗೇ ಹೋಗುತ್ತಾಳೆ ಎಂದು ಬೆವರುತ್ತಿದ್ದ. ಬೆವರುತ್ತಲೇ ಯಂತ್ರದ ಮುಳ್ಳು ಸರಿಯಾಗಿ ಕುಣಿಯುತ್ತಿದೆಯೇ ಎಂದೂ ನೋಡುತ್ತಿದ್ದ. ಒಂಬತ್ತನೇ ಸಂಜೆ ನಲವತ್ತು ಉಸಿರು. ಕೊನೆಯದೊಂದು ಗಂಟಲಲ್ಲೇ ನಡುಗಿ ಮುರಿಯಿತು. ಅವಳು ಒಳಗೆ ಬಂದು, "ರೀ, ಒಂದ್ ವಿಷಯ..." ಎಂದಳು.

"ಸ್ವಲ್ಪ ಇರು, ಬಂದೆ" ಎಂದು ಅವನು ಅಂಗಿ ಸಮೇತ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡ. ನಲವತ್ತು ಉಸಿರನ್ನೂ ಮತ್ತೆ ಕೇಳಿದ. ಹೊರಗೆ ಬಂದಾಗ ಅವಳು ಹೊದ್ದು ಮಲಗಿದ್ದಳು.

ಮರುದಿನ ಆ ಸದ್ದನ್ನು ಪರದೆಗೆ ಜೋಡಿಸಿದಾಗ ನಿರ್ದೇಶಕಿ ಕುರ್ಚಿಯ ತುದಿಗೆ ಬಂದಳು. "ಅಯ್ಯೋ ಅಣ್ಣಾ! ನನ್ನ ಮೈಯೆಲ್ಲ ಜುಂ ಅಂತಿದೆ. ಹೇಗೆ ಮಾಡಿದ್ರಿ?"

"ಮಾಡಿದೆ" ಎಂದ ಸಪ್ಪಳಣ್ಣ.

ಹೇಗೆ ಮಾಡಿದನೆಂದು ಅವತ್ತು ನನಗೊಬ್ಬನಿಗೇ ಹೇಳಿದ. ನಾನು ಕೈಯಲ್ಲಿದ್ದ, ಮರ ನಯಮಾಡುವ ಹತ್ತರಿ ಕೆಳಗಿಟ್ಟೆ. "ಲೇ, ಮನೆಗೆ ಬೆಂಕಿ ಬಿದ್ದಾಗ ಬೀಡಿ ಹಚ್ಕೊಂಡ ಕಥೆ ಆಯ್ತಲ್ಲೋ! ಯಾಕೆ ನಿಲ್ತೀಯ ಅಂತ ಅವಳನ್ನ ಕೇಳ್ದೆಯಾ?"

"ಕೇಳಿದ್ರೆ ನಿಲ್ಲೋದು ಬಿಟ್ಬಿಡ್ತಾಳೆ ಅಣ್ಣಾ."

"ಬಿಡ್ಲಿ ಅಂತಾನೇ ಅಲ್ವೇನೋ ಕೇಳೋದು?"

ಅವನು ನನ್ನ ಬೆಂಚಿನ ಮೇಲಿದ್ದ ಮರದ ಹೊಟ್ಟನ್ನು ಬೆರಳಲ್ಲಿ ಉಜ್ಜಿ ಅದು ಯಾವ ಸದ್ದು ಮಾಡುತ್ತದೆಂದು ಕೇಳುತ್ತ ಕೂತ.

ಚಿತ್ರ ಮುಗಿದಾಗ ಕೆಲಸ ಮಾಡಿದವರಿಗೂ ಅವರ ಮನೆಯವರಿಗೂ ಒಂದು ಮಧ್ಯಾಹ್ನ ಸ್ಟುಡಿಯೋದಲ್ಲೇ ತೋರಿಸಿದರು. ಅವನು ಹೆಂಡತಿಯನ್ನು ಕರೆಯಲಿಲ್ಲ, ಕರೆದವಳು ನಿರ್ದೇಶಕಿ. ನನ್ನ ಮುಂದಿನ ಸಾಲಿನಲ್ಲಿ ಗಂಡಹೆಂಡತಿ ಕೂತಿದ್ದರು. ಬಾಗಿಲಿನ ಜಾಗ ಬಂತು. ಸಭೆಯಲ್ಲಿ ಪಿಟ್ಟೆನ್ನುವ ಸದ್ದಿಲ್ಲ. ಚೀಲ ಭುಜದಿಂದ ಭುಜಕ್ಕೆ ಹೋಯಿತು, ಮಂಡಿ ಲಟಕ್ಕೆಂದಿತು, ಉಸಿರು ಒಂದೊಂದಾಗಿ ಇಳಿಯಿತು. ಯಾರೋ ಹೆಂಗಸು ಹೆದರಿ ಪಕ್ಕದವಳ ಕೈ ಹಿಡಿದುಕೊಂಡಳು. ಸಪ್ಪಳಣ್ಣನ ಹೆಂಡತಿ ಮಾತ್ರ ತನ್ನ ಬಲ ಮಂಡಿಯ ಮೇಲೆ ಅಂಗೈ ಇಟ್ಟುಕೊಂಡು ಕೊನೆಯತನಕ ಅಲುಗಾಡದೆ ಕೂತಳು.

ದೀಪ ಹತ್ತಿದ ಮೇಲೆ ಕೇಳಿದಳು. ಧ್ವನಿ ಏರಲಿಲ್ಲ.

"ಒಳಗೇ ನಿಂತಿದ್ರಾ?"

ಅವನು ಹೌದೆಂದು ತಲೆಯಾಡಿಸಿದ.

"ಎಷ್ಟು ದಿನ?"

"ಮೊದಲನೇದೂ ಸೇರಿ ಹತ್ತು."

"ಒಂದು ದಿನನಾದ್ರೂ ಬಾಗಿಲು ತೆಗೀಬೇಕು ಅನ್ನಿಸ್ಲಿಲ್ವಾ?"

"ತೆಗೆದಿದ್ರೆ ಸದ್ದು ನಿಂತ್ಹೋಗ್ತಿತ್ತು" ಎಂದ ಆ ಪುಣ್ಯಾತ್ಮ. ಸುಳ್ಳು ಹೇಳಿ ಬದುಕಿಕೊಳ್ಳುವ ವಿದ್ಯೆಯೂ ಅವನಿಗೆ ಗೊತ್ತಿರಲಿಲ್ಲ.

ಅವಳು ಅಲ್ಲಿಂದಲೇ ಅಕ್ಕನ ಮನೆಗೆ ಹೋದಳು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ. ಇಲ್ಲಿ ಜಗಳವೇ ಆಗಲಿಲ್ಲವಲ್ಲ, ಮುಗಿಯುವುದು ಎಲ್ಲಿಂದ? ವಾರ ಕಳೆಯಿತು. ಸಪ್ಪಳಣ್ಣ ಮನೆಯಲ್ಲಿ ನಿಲ್ಲಲಾರ, ಸ್ಟುಡಿಯೋದಲ್ಲಿ ಕೂರಲಾರ. ಸಂಜೆ ಆರಕ್ಕೆ ಮೆಟ್ಟಿಲಲ್ಲಿ ಯಾರದೇ ಹೆಜ್ಜೆ ಕೇಳಿದರೂ ಎದ್ದು ನಿಲ್ಲುತ್ತಾನೆ. ಎರಡನೇ ಮೆಟ್ಟಿಲಿಗೇ ಗೊತ್ತಾಗುತ್ತದೆ ಅವಳಲ್ಲವೆಂದು, ಆದರೂ ನಿಂತೇ ಇರುತ್ತಾನೆ.

ಎಂಟನೇ ದಿನ ನಿರ್ದೇಶಕಿಯ ಮುಂದೆ ಹೋಗಿ, "ಆ ಸದ್ದು ತೆಗೀಬೇಕು" ಎಂದ.

"ತಲೆ ಕೆಟ್ಟಿದೆಯಾ ಅಣ್ಣಾ? ಇಡೀ ಚಿತ್ರ ಅದರ ಮೇಲೆ ನಿಂತಿದೆ."

"ಅದು ನನ್ನದಲ್ಲ. ನಾನು ಕದ್ದಿದ್ದು."

ಹುಡುಗಿ ಕೂಗಾಡಿದಳು, ಕೈ ಹಿಡಿದು ಬೇಡಿಕೊಂಡಳು, ಮತ್ತೆ ಕೂಗಾಡಿದಳು. ಇವನು ಎಲ್ಲ ಹೇಳಿದ ಮೇಲೆ ಅವನ ಮುಖ ನೋಡಿ, "ಥೂ!" ಎಂದಳು. ಆಮೇಲೆ, "ಹೋಗಿ, ನಿಮ್ಮ ಕಾಲಲ್ಲೇ ಇನ್ನೊಂದ್ಸಲ ಮಾಡಿ" ಎಂದಳು. ಅವನು ಮಾಡಿದ. ಮುಂದೆ ಚಿತ್ರ ಬಿಡುಗಡೆಯಾಯಿತು, ಓಡಿತು. ಬಾಗಿಲಿನ ಜಾಗದಲ್ಲಿ ಜನ ಹೆದರಿಯೇ ಹೆದರಿದರು. ಇದು ಹೆಂಗಸಿನ ಹೆಜ್ಜೆಯಲ್ಲ, ಮೀಸೆಯವನ ಹೆಜ್ಜೆ ಎಂದು ಒಬ್ಬ ನರಪಿಳ್ಳೆಗೂ ತಿಳಿಯಲಿಲ್ಲ.

ಹೊಸ ಸದ್ದು ಮಾಡಿದ ಮಾರನೆಯ ದಿನವೇ, ಹಳೆಯದನ್ನು ತೆಗೆಸಿದ್ದನ್ನು ಹೇಳಲು ಅವನು ಆಸ್ಪತ್ರೆಗೆ ಹೊರಟ. ಅಕ್ಕನ ಮನೆಗೆ ಹೋಗುವ ಧೈರ್ಯವಿಲ್ಲ. "ನೀನೂ ಬಾ ಅಣ್ಣಾ" ಎಂದು ನನ್ನ ಕೈ ಹಿಡಿದೆಳೆದ.

ಒಗೆಯುವ ವಿಭಾಗ ಕಟ್ಟಡದ ನೆಲಮಾಳಿಗೆಯಲ್ಲಿತ್ತು. ಬಾಗಿಲು ತೆಗೆದರೆ ಅಬ್ಬಬ್ಬ! ಆನೆಯಂಥ ಹನ್ನೆರಡು ಯಂತ್ರ ಒಟ್ಟಿಗೆ ಗುಡುಗುತ್ತಿವೆ. ಹಬೆ, ಸೋಪಿನ ವಾಸನೆ, ಸಾಲಾಗಿ ನಿಂತು ಹಾಸಿಗೆಯ ಹಾಸು ಮಡಚುವ ಹೆಂಗಸರು. ಸಪ್ಪಳಣ್ಣ ಹೊಸ್ತಿಲಲ್ಲೇ ಎರಡೂ ಕಿವಿ ಮುಚ್ಚಿಕೊಂಡು ತತ್ತರಿಸಿದ. ಹುಟ್ಟಿದಾಗಿನಿಂದ ಕಿವಿಯಲ್ಲೇ ಬದುಕಿದವನು, ಅಲ್ಲಿ ನನಗಿಂತಲೂ ಕಿವುಡ.

ಅವಳನ್ನು ಕಣ್ಣಿನಿಂದಲೇ ಹುಡುಕಬೇಕಾಯಿತು. ಮಿಕ್ಕವರಿಗೆಲ್ಲ ಬಿಳಿ ಏಪ್ರನ್. ಅವಳು ಮಾತ್ರ ನೀಲಿ ಏಪ್ರನ್ ತೊಟ್ಟು, ಕೊರಳಲ್ಲಿ ಸೀಟಿ ನೇತುಹಾಕಿಕೊಂಡು, ಕೈಯಲ್ಲಿ ಪಟ್ಟಿ ಹಿಡಿದು ನಡುವೆ ನಿಂತಿದ್ದಳು.

"ಸದ್ದು ತೆಗೆಸಿದೆ!" ಎಂದು ಕೂಗಿದ.

"ಏನು?"

"ಆ ಸದ್ದು! ತೆಗೆಸಿ ಹಾಕಿದೆ!"

ಹತ್ತಿರದ ನಾಲ್ಕಾರು ಹೆಂಗಸರ ಕೈ ನಿಂತಿತು. "ಯಾರಕ್ಕ ಇದು, ಯಂತ್ರ ರಿಪೇರಿಯವರಾ?" ಎಂದು ಒಬ್ಬಳು ಗಂಟಲು ಹರಿದುಕೊಂಡು ಕೇಳಿದಳು.

"ಅಲ್ಲ, ಕೆಟ್ಟಿರೋ ಯಂತ್ರ ಇದೇ!" ಎಂದಳು ಇವಳು. ಎಲ್ಲರೂ ನಕ್ಕರು. ಅವನು ನೀಲಿ ಏಪ್ರನ್ನಿನತ್ತ ಬೆರಳು ತೋರಿಸಿ, "ಇದೇನು?" ಎಂದ.

"ನನ್ನನ್ನ ಮೇಸ್ತ್ರಿ ಮಾಡಿದ್ದಾರೆ. ತಿಂಗಳಾಗ್ತಾ ಬಂತು."

"ನನಗೆ ಹೇಳ್ಲೇ ಇಲ್ಲ?"

ಅವಳು ಅವನ ಹತ್ತಿರ ಬಂದು, ಕಿವಿಯ ಬಳಿ ಕೂಗಿ ಹೇಳಬೇಕಾಯಿತು. ಆ ಗದ್ದಲದಲ್ಲಿ ಗುಟ್ಟೆಂಬುದಿಲ್ಲ. ಮೂರು ಮಾರು ಆಚೆ ಇದ್ದ ನನಗೂ ಕೇಳಿಸಿತು.

"ಸಿನಿಮಾಕ್ಕೆ ಹಾಕಿದ್ರಲ್ಲ ಆ ಉಸಿರು, ಅವತ್ತೇ ಮೇಸ್ತ್ರಿ ಮಾಡಿದ್ದು! ಕುಣಿಯೋಷ್ಟು ಖುಷಿಯಾಗಿತ್ತು. ಹಾಗೇ ಒಳಗೆ ಬಂದ್ರೆ ನನ್ನ ಹೆಜ್ಜೆ ಕೇಳಿ ನೀವೇ ಹೇಳ್ಬಿಡ್ತೀರಿ, ಏನೋ ಒಳ್ಳೆ ಸುದ್ದಿ ಅಂತ. ದಿನಾ ಹಾಗೇ! ಹೇಳೋಕೆ ನನಗೆ ಏನೂ ಮಿಗಿಸ್ತಿರ್ಲಿಲ್ಲ ನೀವು. ಅದಕ್ಕೇ ಈಚೆಗೆ ಹೊರಗೆ ನಿಂತು ಮೈ ತಣ್ಣಗೆ ಮಾಡ್ಕೊಂಡು ಬರ್ತಿದ್ದೆ. ಅವತ್ತು ನಗು ತಡ್ಕೊಳ್ಳೋಕೇ ಆಗ್ಲಿಲ್ಲ."

ನಡುಗಿ ಮುರಿದ ಆ ಕೊನೆಯ ಉಸಿರು ನಗು. ಅದನ್ನು ಅವನು ಬಿಟ್ಟು ಹೋಗುವವಳ ನಿಟ್ಟುಸಿರೆಂದು ಬಗೆದ. ಆಚೆ ಕೋಣೆಯ ಉಳಿಯ ಮೊಂಡು ಕೇಳುವ ಕಿವಿ!

"ಹಾಗಾದ್ರೆ ಬಿಟ್ಟು ಹೋಗೋ ಯೋಚನೆ ನಿನಗೆ ಇರ್ಲೇ ಇಲ್ವಾ?"

"ಇರ್ಲಿಲ್ಲ. ಸಿನಿಮಾ ನೋಡಿದ್ಮೇಲೆ ಬಂತು."

"ಈಗ ಇದೆಯಾ?"

ಅವಳು ಏನೋ ಹೇಳಿದಳು. ಅಷ್ಟರಲ್ಲಿ ಯಂತ್ರವೊಂದು ಕೊನೆಯ ಸುತ್ತಿಗೆ ಏರಿ ನೆಲ ನಡುಗಿಸಿತು.

"ಕೇಳಿಸ್ಲಿಲ್ಲ!" ಎಂದು ಅವನು ಕೂಗಿದ. ಅವನ ಬಾಯಲ್ಲಿ ಆ ಮಾತನ್ನು ನಾನು ಕೇಳಿದ್ದು ಅದೇ ಮೊದಲು. "ಇನ್ನೊಂದ್ಸಲ ಹೇಳೇ! ಏನಂದೆ?"

ಅವಳು ರಾಶಿಯಿಂದ ಒಂದು ಹಾಸು ಎಳೆದು ಅದರ ಒಂದು ಅಂಚನ್ನು ಅವನ ಕೈಗೆ ತುರುಕಿದಳು. ಅವನಿಗೆ ಮಡಚಲು ಬರದು. ಎಡಕ್ಕೆ ಮಡಚು ಎಂದರೆ ಬಲಕ್ಕೆ ಹೋಗುತ್ತಾನೆ, ಹತ್ತಿರ ಬಾ ಎಂದರೆ ದೂರ ಎಳೆಯುತ್ತಾನೆ. ಹೆಂಗಸರು ನಕ್ಕು ನಕ್ಕು ಸುಸ್ತಾದರು. ನಾಲ್ಕನೇ ಹಾಸು ಮಡಚುವ ಹೊತ್ತಿಗೆ ಅವನು, "ಮೇಸ್ತ್ರಿ ಮಾಡ್ತೀವಿ ಅಂತ ಯಾರು ಹೇಳಿದ್ರು? ಆಗ ನೀನೇನಂದೆ?" ಎಂದು ಕೂಗಿ ಕೂಗಿ ಕೇಳುತ್ತಿದ್ದ. ಅವಳು ತುಂಡುತುಂಡಾಗಿ ಹೇಳುತ್ತಿದ್ದಳು. ಅವನು ಅರ್ಧ ಕೇಳಿಸಿಕೊಂಡು, ಮಿಕ್ಕರ್ಧಕ್ಕೆ ಮತ್ತೆ ಪೀಡಿಸುತ್ತಿದ್ದ.

ಪಾಳಿ ಮುಗಿಯುವ ಸೀಟಿಯನ್ನು ಅವಳೇ ಊದಿದಳು. ಯಂತ್ರಗಳು ಒಂದೊಂದಾಗಿ ನಿಂತವು.

"ಮನೆಗೆ ಹೋಗೋಣ್ವಾ?" ಎಂದ ಅವನು, ಸಣ್ಣಗೆ.

"ಇಲ್ಲ. ಅಕ್ಕನ ಮನೆಗೆ."

"ನಾಳೆ?"

"ನಾಳೆ ಇಲ್ಲಿಗೆ ಬನ್ನಿ. ಮಡಚೋಕೆ ಒಂದಾಳು ಕಮ್ಮಿ ಇದೆ. ಕೆಲಸ ಕಲಿತ ಮೇಲೆ ನೋಡೋಣ."

ಎರಡು ತಿಂಗಳಾಯಿತು. ಅವನು ದಿನವೂ ಮಧ್ಯಾಹ್ನ ಹೋಗುತ್ತಾನೆ. ಬಂದು ನನಗೆ ವರದಿ ಒಪ್ಪಿಸುತ್ತಾನೆ: ಇವತ್ತು ಅವಳು ಇಂಥದ್ದು ಹೇಳಿದಳು, ನಾನು ಇಂಥದ್ದು ಕೇಳಿದೆ. ಮನೆಗೆ ಬರುವ ಮಾತು ಎತ್ತಿದರೆ ಅವಳು ಇನ್ನೂ ಹೂಂ ಎಂದಿಲ್ಲ, ಉಹೂಂ ಎಂದೂ ಹೇಳಿಲ್ಲ. ಅವನು ನಿಂತಲ್ಲಿ ನಿಲ್ಲಲಾರ, ಈಗಲೂ. ಆದರೆ ನಿನ್ನೆ ಬಂದಾಗ ಗಂಟಲು ಪೂರ್ತಿ ಒಡೆದುಹೋಗಿತ್ತು. ಮಾತಾಡಿ ಮಾತಾಡಿ.