ಶೇಳಿಗೆ ತಂದ ನುಗ್ಗೆಸೊಪ್ಪು

ಬೆಳ್ಳುಳ್ಳಿ ಒಗ್ಗರಣೆಗೆ ನುಗ್ಗೆಸೊಪ್ಪು ಬಿದ್ದಾಗ ಏಳುವ ಆ ಹಸಿರು ವಾಸನೆ ಯಾರ ಮನೆಯಿಂದ ಬಂದರೂ ಸರಿ, ನಾನು ನಾಸಿಕ್ ಹತ್ತಿರದ ಓಝರಿನ ನಮ್ಮ ಬಾಡಿಗೆ ಮನೆಯಲ್ಲಿ ನಿಂತಿರುತ್ತೇನೆ. ಅಪ್ಪ ಅಲ್ಲಿಯ ವಿಮಾನ ಕಾರ್ಖಾನೆಯಲ್ಲಿ ಟೆಕ್ನಿಷಿಯನ್. ಎರಡು ಕೋಣೆ, ಹಿತ್ತಲಿಗೆ ಹೊಂದಿಕೊಂಡ ದ್ರಾಕ್ಷಿ ತೋಟ, ಸಂಜೆಯಾದರೆ ತಪ್ಪದ ಲೋಡ್‌ಶೆಡ್ಡಿಂಗ್. ಈಗ ಅಲ್ಲಿ ಮನೆಯೂ ಇಲ್ಲ, ತೋಟವೂ ಇಲ್ಲ, ಅಂಗಡಿಗಳ ಸಾಲು ನಿಂತಿದೆ. ಇಂಥದೊಂದು ಮನೆಯನ್ನು ಕಳೆದುಕೊಂಡವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ನನಗೆ ಎಂಟು ವರ್ಷವಿದ್ದಾಗ ಅವ್ವ ಮತ್ತೆ ಬಸುರಿಯಾದಳು. ಏನು ತಿಂದರೂ ವಾಂತಿ. ಚಹಾ, ಖಾರಿ ಬಿಸ್ಕೀಟು, ಬಿಳಿ ಅನ್ನದ ಮೇಲೇ ತಿಂಗಳುಗಟ್ಟಲೆ ದಿನ ದೂಡಿದಳು. ಬರಬರುತ್ತ ಹೊತ್ತು ಮುಳುಗಿದರೆ ಗೋಡೆ ಹಿಡಿದು ನಡೆಯತೊಡಗಿದಳು. ಒಂದು ಸಂಜೆ ಕರೆಂಟ್ ಹೋದಾಗ, ಎದುರಿಗೇ ನಿಂತಿದ್ದ ನನ್ನನ್ನು "ಎಲ್ಲಿದ್ದೀ, ಪುಟ್ಟೀ?" ಎಂದು ಕೇಳಿದಳು. ಆ ಮಬ್ಬಿನಲ್ಲಿ ನನಗೆ ಅವಳ ಮೂಗುತಿ ಕೂಡ ಕಾಣುತ್ತಿತ್ತು. "ಹುಟ್ಟೋ ಕೂಸಿನ ಮಾರಿಯಾದ್ರೂ ಕಾಣತೈತೋ ಇಲ್ಲೋ" ಎಂದು ಅತ್ತುಬಿಟ್ಟಳು.

ಡಾಕ್ಟರು ಅದನ್ನು ಇರುಳುಗಣ್ಣು ಎಂದರು. ಔಷಧಿ ಬರೆದುಕೊಟ್ಟು, ಹಸಿರು ಸೊಪ್ಪು, ಗಜ್ಜರಿ ತಿನ್ನಲು ಹೇಳಿದರು: ಅವುಗಳಲ್ಲಿರುವ ಕ್ಯಾರೋಟಿನ್ ಮೈಯೊಳಗೆ ವಿಟಮಿನ್ ಎ ಆಗುತ್ತದೆ, ಸ್ವಲ್ಪ ಎಣ್ಣೆ ಹಾಕಿ ಬೇಯಿಸಿದರೆ ಚೆನ್ನಾಗಿ ಮೈಗೆ ಹತ್ತುತ್ತದೆ. ಬಾಣಂತನಕ್ಕೆಂದು ಗದಗಿನಿಂದ ಬಂದಿದ್ದ ಅಜ್ಜಿ, ಅಂದರೆ ಅವ್ವನ ತಾಯಿ, ಮರುದಿನವೇ ನನ್ನನ್ನು ಕರೆದುಕೊಂಡು ಸಂತೆಗೆ ಹೊರಟಳು. ನುಗ್ಗೆಕಾಯಿ ಮಾರುವಾಕೆ ಸೊಪ್ಪನ್ನು ಪಕ್ಕಕ್ಕೆ ರಾಶಿ ಹಾಕಿದ್ದಳು. ಅಜ್ಜಿ ಅದನ್ನು ಬಾಚಿಕೊಂಡಾಗ ಆಕೆ, "ಶೇಳಿ ಆಹೇ ಕಾ, ಆಜಿ?" ಎಂದಳು. ಮನೆಯಲ್ಲಿ ಮೇಕೆ ಇದೆಯಾ ಎಂದು ಆಕೆ ಕೇಳಿದ್ದು. ಮರಾಠಿ ಬಾರದ ಅಜ್ಜಿಗೆ ಅದು ಚೇಳು ಎಂದು ಕೇಳಿಸಿತು. "ಯವ್ವಾ, ಚೇಳ!" ಎಂದು ಸೊಪ್ಪನ್ನೆಲ್ಲ ಎಸೆದು, ಸೀರೆ ಝಾಡಿಸುತ್ತ ಕುಣಿದ ಕುಣಿತಕ್ಕೆ ಸಂತೆಯೇ ನಿಂತು ನೋಡಿತು. ನಾನು ಬಿಡಿಸಿ ಹೇಳಿದ ಮೇಲೆ ಅಜ್ಜಿಗೂ ನಗು ತಡೆಯಲಾಗಲಿಲ್ಲ. "ಹೌದು, ನಮ್ಮನ್ಯಾಗ ಒಂದು ಬಸುರಿ ಶೇಳಿ ಐತಿ ಅಂತ ಹೇಳ್ ಈಕಿಗೆ" ಎಂದಳು. ಅಂದಿನಿಂದ ಆಕೆ ನಮಗಾಗಿ ಎಳೆಯ ಸೊಪ್ಪು ಎತ್ತಿಡತೊಡಗಿದಳು, ಅಜ್ಜಿ ಅದಕ್ಕೆ ಬೆಳ್ಳುಳ್ಳಿ ಒಗ್ಗರಣೆ ಹಾಕಿ ಪಲ್ಯ ಮಾಡುತ್ತಿದ್ದಳು. ಮನೆಯಲ್ಲಿ ಅಪ್ಪ, "ಶೇಳಿ ಮೇವು ಮುಗಿಸಿತೇನ್ರಿ, ಅತ್ತೀ?" ಎಂದು ಕೀಟಲೆ ಮಾಡಿದರೆ ಅವ್ವ ನಗುತ್ತಲೇ ಇನ್ನೊಂದು ತುತ್ತು ರೊಟ್ಟಿ ಮುರಿಯುತ್ತಿದ್ದಳು. ತಿಂದದ್ದು ಹೊಟ್ಟೆಯಲ್ಲಿ ನಿಲ್ಲತೊಡಗಿತು.

ಕೆಲವು ವಾರಗಳಾಗಿರಬೇಕು. ಕರೆಂಟ್ ಹೋದ ಸಂಜೆ ಓಣಿಯ ಮಕ್ಕಳೆಲ್ಲ ಕಣ್ಣಾಮುಚ್ಚಾಲೆ ಆಡುತ್ತಿದ್ದೆವು. ನಾನು ನೀರಿನ ಡ್ರಮ್ಮಿನ ಹಿಂದೆ ಕುಕ್ಕರಿಸಿದ್ದೆ. ಅವ್ವ ಹಿತ್ತಲ ಬಾಗಿಲಿಗೆ ಬಂದಳು, ಗೋಡೆ ಹಿಡಿಯದೆ ಮೆಟ್ಟಿಲಿಳಿದಳು, ನೆಟ್ಟಗೆ ನನ್ನ ಕಡೆ ನೋಡಿ ಕೂಗಿದಳು: "ಪುಟ್ಟೀ, ನಿನ್ನ ಬಿಳೀ ರಿಬ್ಬನ್ ಕಾಣಾಕತ್ತೈತಿ!"

ನಾನು ಎದ್ದು, "ಅವ್ವಗ ಕಂಡಿತು! ಅವ್ವಗ ಕಂಡಿತು!" ಎಂದು ಓಣಿಯುದ್ದಕ್ಕೂ ಓಡಿದೆ. ಆಟ ಕೆಡಿಸಿದೆನೆಂದು ಹುಡುಗರು ಬೈದರು. ಈಗ ಅಜ್ಜಿಯೂ ಇಲ್ಲ, ಅವ್ವನೂ ಇಲ್ಲ. ಆದರೂ ಆ ಸಂಜೆ ನೆನಪಾದರೆ ಅಳುವಿಗಿಂತ ಮೊದಲು ಹೆಮ್ಮೆ ಉಕ್ಕುತ್ತದೆ. ಸಿಕ್ಕಿಬಿದ್ದು ಆಟ ಗೆದ್ದವಳು ಆ ಓಣಿಯಲ್ಲಿ ನಾನೊಬ್ಬಳೇ.